ಉತ್ತರ ಸಿಗದ ಪ್ರಶ್ನೆಗೂ ಒಂದು ಅಳತೆ ಇರುತ್ತದೆ

ನಿಮ್ಮಲ್ಲಿ ಎಷ್ಟು ಜನರಿಗೆ ಮೈಪೂರ್ತಿ ಅರಿವು ತಪ್ಪಿಸಿ ಆಪರೇಷನ್ ಮಾಡಿದ್ದಾರೆ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಬಹಳ ಜನ ಇದ್ದೀರಿ. ಹತ್ತರಿಂದ ಹಿಂದಕ್ಕೆ ಎಣಿಸಿ ಅಂತ ಹೇಳಿರುತ್ತಾರೆ, ಏಳೋ ಆರೋ ಅನ್ನುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಕಣ್ಣು ಬಿಟ್ಟಾಗ ಹೊಟ್ಟೆಯ ಮೇಲೆ ಹೊಲಿಗೆ. ನಡುವಿನ ಎರಡು ಗಂಟೆ ನೀವು ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರೆ, ಔಷಧ ಕೊಟ್ಟ ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ.

ಗಾಬರಿ ಬೇಡ. ಮುಂದಿನ ವಾರ ಯಾರಿಗಾದರೂ ಆಪರೇಷನ್ ಇದ್ದರೆ ರದ್ದು ಮಾಡಬೇಡಿ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಮೂಸಿಸಿದ, ಸರ್ಜನ್ ಕುತ್ತಿಗೆಯ ಗಡ್ಡೆಯನ್ನು ಕತ್ತರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಯಾರಿಗೆ, ಯಾವ ವಯಸ್ಸಿಗೆ, ಯಾವ ತೂಕಕ್ಕೆ, ಎಷ್ಟು ಕೊಡಬೇಕು ಅನ್ನುವುದು ಬಹಳ ಚೆನ್ನಾಗಿ ಗೊತ್ತಾಗಿದೆ. ಪ್ರೊಪೋಫಾಲ್ ಎಂಬ ಹಾಲುಬಿಳುಪಿನ ಔಷಧ ಮಿದುಳಿನ ನರಕೋಶಗಳ ಯಾವ ಬಾಗಿಲಿಗೆ ಹೋಗಿ ಅಂಟಿಕೊಳ್ಳುತ್ತದೆ ಅನ್ನುವುದೂ ಗೊತ್ತು. ಆದರೆ ಕ್ಸೆನಾನ್ ಅಂತ ಒಂದು ಅನಿಲ ಇದೆ. ಬಲವಂತ ಮಾಡದೆ ಅದು ಯಾವುದರ ಜೊತೆಗೂ ರಾಸಾಯನಿಕವಾಗಿ ಸೇರುವುದಿಲ್ಲ, ತನ್ನ ಪಾಡಿಗೆ ತಾನಿರುವ ಜಡ ಅನಿಲ. ಅದನ್ನು ಉಸಿರಾಡಿಸಿದರೂ ಮನುಷ್ಯನಿಗೆ ಅರಿವು ತಪ್ಪುತ್ತದೆ! ಈಥರ್, ಕ್ಲೋರೋಫಾರ್ಮ್, ಪ್ರೊಪೋಫಾಲ್, ಕ್ಸೆನಾನ್: ಒಂದರ ಅಣುವಿಗೂ ಇನ್ನೊಂದರ ಅಣುವಿಗೂ ಹೋಲಿಕೆಯೇ ಇಲ್ಲ, ಕೊನೆಗೆ ಆಗುವುದು ಮಾತ್ರ ಒಂದೇ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಮೇಯರ್, ಓವರ್ಟನ್ ಎಂಬಿಬ್ಬರು ಬೇರೆಬೇರೆಯಾಗಿ ಒಂದು ಸಂಗತಿ ಗಮನಿಸಿದರು. ಎಣ್ಣೆಯಲ್ಲಿ ಯಾವುದು ಚೆನ್ನಾಗಿ ಕರಗುತ್ತದೋ ಅದು ಬಲವಾದ ಅರಿವಳಿಕೆ. ಆ ಲೆಕ್ಕ ಎಷ್ಟೋ ವಸ್ತುಗಳಿಗೆ ಸರಿಯಾಗಿ ಕೂರುತ್ತದೆ. ಯಾಕೆ ಕೂರುತ್ತದೆ ಅನ್ನುವ ವಾದ ಇವತ್ತಿಗೂ ನಡೆದಿದೆ. ಕ್ಸೆನಾನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ವಿಜ್ಞಾನದಲ್ಲಿ ಉತ್ತರ ಸಿಗದ ಪ್ರಶ್ನೆ ಅಂದ ಕೂಡಲೇ ನಮ್ಮ ಮೊಬೈಲಿಗೆ ಒಂದು ತರಹದ ಮೆಸೇಜು ಬರಲು ಶುರುವಾಗುತ್ತದೆ. "ವಿಜ್ಞಾನಿಗಳಿಗೂ ಇದರ ರಹಸ್ಯ ಗೊತ್ತಿಲ್ಲ, ಆದ್ದರಿಂದ..." ಆ 'ಆದ್ದರಿಂದ'ದ ಮುಂದೆ ಯಾರಿಗೆ ಏನು ಬೇಕೋ ಅದು. ನನಗೆ ಸಿಟ್ಟು ಬರುವುದು ಅಲ್ಲಿ. ಗೊತ್ತಿಲ್ಲ ಅನ್ನುವುದು ಖಾಲಿ ಸೈಟಲ್ಲ, ಬಂದವರೆಲ್ಲ ಬೇಲಿ ಹಾಕಿಕೊಳ್ಳಲು. ಎಷ್ಟು ಗೊತ್ತಿಲ್ಲ, ಎಲ್ಲಿಂದಾಚೆಗೆ ಗೊತ್ತಿಲ್ಲ, ಯಾವ ಯಾವ ಉತ್ತರ ಖಂಡಿತ ಅಲ್ಲ ಅನ್ನುವುದನ್ನು ದಶಮಾಂಶದ ಮಟ್ಟಕ್ಕೆ ಅಳೆದು ಇಟ್ಟಿರುತ್ತಾರೆ. ಒಂದು ಪ್ರಶ್ನೆಯನ್ನಾದರೂ ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಕೋಲಾರಕ್ಕೆ ಹೋದರೆ ಸಾಕು.

ಪ್ರಶ್ನೆ ಇದು: ಈ ಜಗತ್ತಿನಲ್ಲಿ ಏನಾದರೂ ಯಾಕೆ ಇದೆ? ತತ್ತ್ವಶಾಸ್ತ್ರದ ಪ್ರಶ್ನೆಯ ತರಹ ಕೇಳುತ್ತದೆ, ಆದರೆ ಭೌತವಿಜ್ಞಾನಿಗಳು ಇದನ್ನು ಲೆಕ್ಕದ ಪ್ರಶ್ನೆಯಾಗಿಯೇ ಕೇಳುತ್ತಾರೆ. ಪ್ರತಿ ಕಣಕ್ಕೂ ಒಂದು ಪ್ರತಿಕಣ ಇದೆ, ಎಲೆಕ್ಟ್ರಾನಿಗೆ ಪಾಸಿಟ್ರಾನ್, ಪ್ರೋಟಾನಿಗೆ ಆಂಟಿಪ್ರೋಟಾನ್. ಎರಡೂ ಎದುರಾದರೆ ಎರಡೂ ಇಲ್ಲವಾಗಿ ಶಕ್ತಿ ಉಳಿಯುತ್ತದೆ. ಸೃಷ್ಟಿಯ ಮೊದಲ ಗಳಿಗೆಯಲ್ಲಿ ಎರಡೂ ಸರಿಸಮ ಹುಟ್ಟಿರಬೇಕು. ಹಾಗಿದ್ದರೆ ಒಂದನ್ನೊಂದು ಪೂರ್ತಿ ತಿಂದು ಬರೀ ಬೆಳಕು ಉಳಿಯಬೇಕಿತ್ತು. ಉಳಿದದ್ದು ನಾವು. ಆಕಾಶದ ಬೆಳಕನ್ನೂ ದ್ರವ್ಯವನ್ನೂ ತೂಗಿ ನೋಡಿದರೆ, ಸುಮಾರು ನೂರು ಕೋಟಿ ಜೋಡಿಗೆ ಒಂದರಂತೆ ದ್ರವ್ಯದ ಕಣ ಹೆಚ್ಚಾಗಿ ಉಳಿದಿದೆ. ಆ ಒಂದು ಎಲ್ಲಿಂದ ಬಂತು? ನಕ್ಷತ್ರ, ಕಾವೇರಿ, ನೀವು ಕೂತಿರುವ ಕುರ್ಚಿ, ಎಲ್ಲಾ ಆ ಒಂದರ ಲೆಕ್ಕದಲ್ಲಿ ಬಂದವು.

1967ರಲ್ಲಿ ರಷ್ಯಾದ ಆಂದ್ರೆ ಸಖರೋವ್ ಇದಕ್ಕೆ ಬೇಕಾದ ಷರತ್ತುಗಳನ್ನು ಬರೆದರು. ಹೌದು, ಮೊದಲು ಹೈಡ್ರೋಜನ್ ಬಾಂಬ್ ಮಾಡಿ, ಆಮೇಲೆ ಅದರ ವಿರುದ್ಧವೇ ನಿಂತು, ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಅವರೇ. ಷರತ್ತುಗಳಲ್ಲಿ ಒಂದನ್ನು ಒರಟಾಗಿ ಹೇಳುವುದಾದರೆ: ಪ್ರೋಟಾನಿನಂಥ ಕಣಗಳ ಒಟ್ಟು ಲೆಕ್ಕ ಶಾಶ್ವತವಾಗಿ ಅಷ್ಟೇ ಇರಬಾರದು. ಲೆಕ್ಕ ಏರುವುದಕ್ಕೆ ದಾರಿ ಇದ್ದರೆ ಇಳಿಯುವುದಕ್ಕೂ ದಾರಿ ಇರುತ್ತದೆ. 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಒಂದು ಸುಂದರ ಸಿದ್ಧಾಂತ ಕಟ್ಟಿದರು. ಅದರ ಪ್ರಕಾರ ಪ್ರೋಟಾನ್ ಸಾಯಲೇಬೇಕು, ಅಂದರೆ ತಾನಾಗಿಯೇ ಒಡೆದು ಬೇರೆ ಕಣಗಳಾಗಬೇಕು. ಅದಕ್ಕೂ ಮುಂಚೆಯೇ ನಮ್ಮ ಒಡಿಶಾದ ಜೋಗೇಶ್ ಪತಿ, ಪಾಕಿಸ್ತಾನದ ಅಬ್ದುಸ್ ಸಲಾಂ ಸೇರಿ ಪ್ರೋಟಾನಿನ ಸಾವಿನ ಮಾತೆತ್ತಿದ್ದರು.

ಯಾವಾಗ ಸಾಯುತ್ತದೆ? ವಿಶ್ವಕ್ಕೆ ಈಗ 1,380 ಕೋಟಿ ವರ್ಷ ವಯಸ್ಸು, ಅಂದರೆ ಹನ್ನೊಂದು ಅಂಕಿಯ ಸಂಖ್ಯೆ. ಜಾರ್ಜೈ–ಗ್ಲಾಶೋ ಲೆಕ್ಕ ಹೇಳಿದ್ದು ಒಂದರ ಮುಂದೆ ಸುಮಾರು ಮೂವತ್ತು ಸೊನ್ನೆಯಷ್ಟು ವರ್ಷ. ಅಷ್ಟು ಕಾಲ ಯಾರು ಕಾಯುತ್ತಾರೆ ಅಂತ ನೀವು ಕೇಳಬಹುದು. ಒಂದೇ ಪ್ರೋಟಾನಿನ ಮುಂದೆ ಕೂತು ಕಾಯಬೇಕಾಗಿಲ್ಲ. ಒಂದರ ಮುಂದೆ 31 ಸೊನ್ನೆಯಷ್ಟು ಪ್ರೋಟಾನುಗಳನ್ನು ಒಂದು ಕಡೆ ಗುಡ್ಡೆ ಹಾಕಿ, ವರ್ಷಕ್ಕೆ ಹತ್ತು ಸಾಯುತ್ತವಾ ಅಂತ ನೋಡಿದರೆ ಆಯಿತು. ನಿಮ್ಮ ಮೈಯಲ್ಲೇ ಎರಡರ ಮುಂದೆ 28 ಸೊನ್ನೆಯಷ್ಟು ಪ್ರೋಟಾನುಗಳಿವೆ. ಪ್ರೋಟಾನಿನ ಆಯಸ್ಸು ಒಂದರ ಮುಂದೆ ಬರೀ 16 ಸೊನ್ನೆಯಷ್ಟು ವರ್ಷ ಆಗಿದ್ದಿದ್ದರೆ, ನಿಮ್ಮೊಳಗೆ ಸೆಕೆಂಡಿಗೆ ಹತ್ತಾರು ಸಾವಿರ ಪ್ರೋಟಾನ್ ಸಿಡಿದು, ಆ ವಿಕಿರಣಕ್ಕೇ ನಾವು ಉಳಿಯುತ್ತಿರಲಿಲ್ಲ. ನಾವು ಇಲ್ಲಿ ಬದುಕಿ ಕೂತಿರುವುದೇ ಒಂದು ಪ್ರಯೋಗದ ಫಲಿತಾಂಶ. ಮಾರಿಸ್ ಗೋಲ್ಡ್‌ಹೇಬರ್ ಎಂಬ ಭೌತವಿಜ್ಞಾನಿಯ ವಾದ ಇದು, ಯಂತ್ರವೂ ಬೇಡ, ಹಣವೂ ಬೇಡ!

ಗುಡ್ಡೆ ಹಾಕುವುದು ಸುಲಭ. ಕಷ್ಟ ಇರುವುದು ಗದ್ದಲ ತಪ್ಪಿಸುವುದರಲ್ಲಿ. ಅಂಗೈ ಚಾಚಿ. ಸೆಕೆಂಡಿಗೆ ಸುಮಾರು ಒಂದರಂತೆ ಮ್ಯೂವಾನ್ ಎಂಬ ಕಣ ಅದನ್ನು ತೂರಿಕೊಂಡು ಹೋಗುತ್ತಿದೆ. ಅವು ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಮರಿಗಳು. ಈ ಮಳೆಯಲ್ಲಿ ವರ್ಷಕ್ಕೊಂದು ಪ್ರೋಟಾನಿನ ಸಾವನ್ನು ಹುಡುಕುವುದು ಆಗದ ಮಾತು. ಆದ್ದರಿಂದ ನೆಲದೊಳಕ್ಕೆ ಹೋಗಬೇಕು, ಎಷ್ಟು ಆಳವೋ ಅಷ್ಟು ಒಳ್ಳೆಯದು. ಅಷ್ಟು ಆಳದ ಗುಂಡಿಯನ್ನು ವಿಜ್ಞಾನಿಗಳಿಗಾಗಿ ಯಾರೂ ತೋಡಿಕೊಡುವುದಿಲ್ಲ. ಚಿನ್ನಕ್ಕಾದರೆ ತೋಡುತ್ತಾರೆ.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರುತ್ತಿತ್ತು, ತಂಪು ಗಾಳಿಯನ್ನು ಮೇಲಿನಿಂದ ನೂಕಬೇಕಿತ್ತು. ಒತ್ತಡಕ್ಕೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್‌ನಲ್ಲಿ ಕೆಲಸಗಾರರು ಸಾಯುತ್ತಿದ್ದರು. ಕೇಜಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ದಿನವಿಡೀ ಬೆವರುತ್ತಿದ್ದ ಆ ಗಣಿಗಾರರನ್ನು ನೆನೆಯದೆ ಅಲ್ಲಿನ ವಿಜ್ಞಾನದ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಮೊದಲು ಅಲ್ಲಿಗೆ ಕಳಿಸಿದ್ದು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರನ್ನು. ಇಪ್ಪತ್ತೈದರ ಆಸುಪಾಸಿನ ಹುಡುಗ, ಮ್ಯೂವಾನ್ ಎಣಿಸುವ ಉಪಕರಣ ಹೊತ್ತುಕೊಂಡು ಒಂದೊಂದೇ ಮಟ್ಟ ಇಳಿದರು. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರಾದರು. 1960ರ ದಶಕದ ಶುರುವಿನಲ್ಲಿ ಇನ್ನೊಂದು ತಂಡ ತೀರಾ ಆಳಕ್ಕೆ ಹೋಗಿ ಎರಡು ತಿಂಗಳು ಎಣಿಸಿತು. ಬಂದ ಮ್ಯೂವಾನ್ ಸೊನ್ನೆ.

ಸೊನ್ನೆ ಬಂದರೆ ನಾವಾದರೆ ಉಪಕರಣ ಕೆಟ್ಟಿದೆ ಅಂತ ವಾಪಸ್ ಬರುತ್ತೇವೆ. ಅವರು ಹಿಗ್ಗಿದರು. ಅಷ್ಟು ನಿಶ್ಶಬ್ದವಾದ ಜಾಗ ಸಿಕ್ಕರೆ ನ್ಯೂಟ್ರಿನೊ ಎಂಬ ಕಣವನ್ನು ಹಿಡಿಯಬಹುದು! ನ್ಯೂಟ್ರಿನೊಗೆ ಬಂಡೆ, ಭೂಮಿ ಯಾವುದೂ ಲೆಕ್ಕಕ್ಕಿಲ್ಲ, ಎಲ್ಲವನ್ನೂ ದಾಟಿ ಹೋಗುತ್ತದೆ. ಎಲ್ಲೋ ಒಂದು ಮಾತ್ರ ಬಂಡೆಗೆ ತಗುಲಿ ಮ್ಯೂವಾನ್ ಹುಟ್ಟಿಸುತ್ತದೆ. ಉಪಾಯ ಎಷ್ಟು ಸರಳವಾಗಿತ್ತು ನೋಡಿ. ಮೇಲಿನಿಂದ ಬರುವ ಮ್ಯೂವಾನುಗಳು ಅಷ್ಟು ಆಳದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತವೆ. ಓರೆಯಾಗಿ ಬರಲು ಹೊರಟವು ಇನ್ನೂ ಉದ್ದದ ಬಂಡೆ ದಾಟಲಾರದೆ ದಾರಿಯಲ್ಲೇ ಮುಗಿಯುತ್ತವೆ. ಹಾಗಾಗಿ ಉಪಕರಣವನ್ನು ಗೋಡೆಯ ತರಹ ನಿಲ್ಲಿಸಿ, ಅಡ್ಡಡ್ಡ ಬರುವ ಮ್ಯೂವಾನಿಗೆ ಕಾದರೆ, ಬಂದದ್ದು ನ್ಯೂಟ್ರಿನೊ ಹುಟ್ಟಿಸಿದ್ದೇ ಆಗಿರಬೇಕು. 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಹಾಗೇ ಮಾಡಿದರು. 1965ರ ಆಗಸ್ಟಿನಲ್ಲಿ ಅವರ ಪ್ರಬಂಧ ಅಚ್ಚಾಯಿತು: ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಮೊದಲ ಗುರುತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಕೂತಿದ್ದ ಫ್ರೆಡ್ ರೈನ್ಸ್ ತಂಡದ ಪ್ರಬಂಧ ಬಂದದ್ದು ಅದಾಗಿ ಎರಡು ವಾರಕ್ಕೆ.

ಪ್ರೋಟಾನಿಗೆ ಬರೋಣ. 1980ರಲ್ಲಿ ಅದೇ ಆಳದಲ್ಲಿ 140 ಟನ್ ತೂಕದ, ಕಬ್ಬಿಣದ ತಗಡುಗಳ ನಡುನಡುವೆ ಕಣ ಗುರುತಿಸುವ ಕೊಳವೆಗಳನ್ನು ಜೋಡಿಸಿದ ಉಪಕರಣ ಕೆಲಸ ಶುರುಮಾಡಿತು. ಪ್ರೋಟಾನ್ ಸಾವಿಗೆಂದೇ ಕಟ್ಟಿದ ಜಗತ್ತಿನ ಮೊದಲ ಉಪಕರಣಗಳಲ್ಲಿ ಅದೊಂದು. ಒಂದೆರಡು ವರ್ಷದಲ್ಲೇ, ಪ್ರೋಟಾನ್ ಸತ್ತಂತೆ ಕಾಣುವ ಕೆಲವು ಗುರುತುಗಳು ಸಿಕ್ಕಿವೆ ಅಂತ ತಂಡ ಹೇಳಿತು. ಜಗತ್ತು ಕಿವಿ ನಿಮಿರಿಸಿತು. ಅಷ್ಟರಲ್ಲಿ ಅಮೆರಿಕದ ಓಹಾಯೋದಲ್ಲಿ ಒಂದು ಉಪ್ಪಿನ ಗಣಿಯೊಳಗೆ ಎಂಟು ಸಾವಿರ ಟನ್ ನೀರಿನ ತೊಟ್ಟಿ, ಜಪಾನಿನ ಕಮಿಯೋಕಾ ಗಣಿಯಲ್ಲಿ ಇನ್ನೊಂದು ನೀರಿನ ತೊಟ್ಟಿ ಸಿದ್ಧವಾದವು. ಕೋಲಾರದ ಲೆಕ್ಕ ಸರಿಯಿದ್ದಿದ್ದರೆ ಅಲ್ಲಿ ರಾಶಿರಾಶಿ ಸಾವು ಕಾಣಬೇಕಿತ್ತು. ಕಾಣಲಿಲ್ಲ. ಕೋಲಾರದ ಗುರುತುಗಳು ನಿಲ್ಲಲಿಲ್ಲ, ಜಾರ್ಜೈ–ಗ್ಲಾಶೋ ಅವರ ಮೂಲ ಸಿದ್ಧಾಂತವೂ ನಿಲ್ಲಲಿಲ್ಲ.

ಇದನ್ನು ಸೋಲು ಅನ್ನುವವರಿಗೆ ಮುಂದಿನ ಕಥೆ ಹೇಳಬೇಕು. ಪ್ರೋಟಾನ್ ಸಾವಿಗೆಂದು ತೋಡಿದ ಕಮಿಯೋಕಾದ ತೊಟ್ಟಿಯಲ್ಲಿ 1987ರ ಫೆಬ್ರವರಿ 23ರಂದು ಕೆಲವೇ ಸೆಕೆಂಡುಗಳಲ್ಲಿ ಹನ್ನೊಂದು ನ್ಯೂಟ್ರಿನೊ ಮಿನುಗಿದವು. ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರದಿಂದ ಬಂದವು. 1996ರಲ್ಲಿ ಅಲ್ಲೇ ಹತ್ತಿರದಲ್ಲಿ 50 ಸಾವಿರ ಟನ್ನಿನ ಸೂಪರ್ ಕಮಿಯೋಕಾಂಡೆ ಬಂತು. ಎರಡೇ ವರ್ಷದಲ್ಲಿ ಅದು, ಕೋಲಾರದಲ್ಲಿ ಮೊದಲು ಕಂಡಿದ್ದ ಅದೇ ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲಿ ವೇಷ ಬದಲಿಸುತ್ತವೆ, ಆದ್ದರಿಂದ ಅವಕ್ಕೆ ತೂಕ ಇದೆ ಅಂತ ತೋರಿಸಿತು. ಮೊದಲಿನದಕ್ಕೆ 2002ರಲ್ಲಿ ಕೊಶಿಬಾ ಅವರಿಗೆ, ಎರಡನೆಯದಕ್ಕೆ 2015ರಲ್ಲಿ ಕಜಿಟಾ ಅವರಿಗೆ ನೊಬೆಲ್ ಪಾಲು. ಪ್ರೋಟಾನ್ ಮಾತ್ರ ಸತ್ತಿಲ್ಲ. ಪಾಸಿಟ್ರಾನ್ ಮತ್ತು ಪಯಾನ್ ಎಂಬ ಕಣವಾಗಿ ಒಡೆಯುವ ದಾರಿಯೊಂದನ್ನೇ ತೆಗೆದುಕೊಂಡರೆ, ಅದರ ಆಯಸ್ಸು 2.4ನ್ನು ಒಂದರ ಮುಂದೆ 34 ಸೊನ್ನೆಯಿಂದ ಗುಣಿಸಿದಷ್ಟು ವರ್ಷಕ್ಕಿಂತ ಹೆಚ್ಚು. ನಮ್ಮ ಅಜ್ಞಾನಕ್ಕೆ ಇಷ್ಟು ನಿಖರವಾದ ಅಂಕಿ ಇದೆ.

ಕೆಜಿಎಫ್ ಏನಾಯಿತು ಅಂತ ಕೇಳುತ್ತೀರಿ. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆ ಮೀರಿತು. ಆಳದ ಮಟ್ಟಗಳನ್ನು ಮುಚ್ಚುತ್ತಾ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗವೂ ನಿಂತಿತು. ಗಣಿ ಪೂರ್ತಿ ಮುಚ್ಚಿದ್ದು 2001ರ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ! ಬೇಕೆಂದು ಆರಿಸಿದ್ದಲ್ಲ ಬಿಡಿ. ಈಗ ಹೋದರೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡಗಳು ಕಾಣುತ್ತವೆ, ಒಳಗಿನ ಸುರಂಗಗಳಲ್ಲಿ ನೀರು ತುಂಬಿದೆ. ಇದಕ್ಕೆ ಬದಲಿಯಾಗಿ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆ ವಿರೋಧ, ಕೋರ್ಟು, ಪರಿಸರ ಅನುಮತಿಗಳ ನಡುವೆ ಸಿಕ್ಕಿಕೊಂಡಿತು. ಅಲ್ಲಿನ ಜನರ ಆತಂಕವನ್ನು ತಳ್ಳಿಹಾಕುವವನು ನಾನಲ್ಲ. ಆದರೆ ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹೋಮ್‌ಸ್ಟೇಕ್ ಅಂತ ಇಂಥದೇ ಚಿನ್ನದ ಗಣಿ ಮುಚ್ಚಿದಾಗ, ಅದನ್ನು ಪ್ರಯೋಗಾಲಯವಾಗಿ ಉಳಿಸಿಕೊಂಡರು. ಅದರೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಈಗ ಹತ್ತು ಟನ್ ದ್ರವ ಕ್ಸೆನಾನ್ ಇಟ್ಟು ಕಪ್ಪು ದ್ರವ್ಯ ಹುಡುಕುತ್ತಿದ್ದಾರೆ. ಕ್ಸೆನಾನ್ ಬಂತಲ್ಲ? ಗೆಲಾಕ್ಸಿಗಳು ತಿರುಗುವ ವೇಗ ಮುಂತಾದವನ್ನು ನೋಡಿದರೆ, ಸಾಮಾನ್ಯ ದ್ರವ್ಯದ ಸುಮಾರು ಐದು ಪಟ್ಟು ಕಾಣದ ದ್ರವ್ಯ ಇರಬೇಕು. ಅದರ ಕಣವೊಂದು ಕ್ಸೆನಾನಿಗೆ ಡಿಕ್ಕಿ ಹೊಡೆದರೆ ಒಂದು ಮಿನುಗು ಬರಬೇಕು. ಇದುವರೆಗೆ ಬಂದಿಲ್ಲ.

ಇಷ್ಟೆಲ್ಲಾ ಕೇಳಿ, ದೊಡ್ಡ ಪ್ರಶ್ನೆ ಅಂದರೆ ಕಾಣದ ಕಣ, ದೂರದ ನಕ್ಷತ್ರ ಅಂದುಕೊಳ್ಳಬೇಡಿ. ಮನೆಗೆ ಹೋಗಿ ನಲ್ಲಿ ತಿರುಗಿಸಿ. ಸಣ್ಣಗೆ ಬಿಟ್ಟರೆ ನೀರು ಗಾಜಿನ ಕಡ್ಡಿಯಂತೆ ನುಣ್ಣಗೆ ಇಳಿಯುತ್ತದೆ. ಇನ್ನಷ್ಟು ತಿರುಗಿಸಿ, ಒಂದು ಹಂತದಲ್ಲಿ ಅದು ಕದಡಿ ಒರಟಾಗುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ಇದನ್ನೇ ನೋಡಿದರು. ನೀರಿನ ಹರಿವಿನ ಸಮೀಕರಣ ಹತ್ತೊಂಬತ್ತನೇ ಶತಮಾನದಿಂದ ನಮ್ಮ ಕೈಯಲ್ಲಿದೆ. ಆದರೂ ಸುಳಿಗಳ ಗೊಂದಲ ಹೇಗೆ ಹುಟ್ಟಿ, ಹೇಗೆ ಒಂದರೊಳಗೊಂದು ಒಡೆಯುತ್ತಾ ಹೋಗುತ್ತದೆ ಅನ್ನುವುದನ್ನು ಆ ಸಮೀಕರಣದಿಂದ ಪೂರ್ತಿಯಾಗಿ ಬಿಡಿಸಲು ಯಾರಿಗೂ ಆಗಿಲ್ಲ. ಸಮೀಕರಣಕ್ಕೆ ಯಾವಾಗಲೂ ನಯವಾದ ಉತ್ತರ ಇರುತ್ತದೆಯೇ ಅಂತ ಸಾಧಿಸಿದವರಿಗೆ ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಇಟ್ಟಿದೆ. ಹಣ ಇನ್ನೂ ಅಲ್ಲೇ ಇದೆ.

ಈ ಪ್ರಶ್ನೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅನ್ನುವುದು ನನ್ನ ದೂರು. ಬೆಂಗಳೂರಿನಲ್ಲಿ ಇದರ ಮೇಲೆ ಗಟ್ಟಿ ಕೆಲಸ ಆಗಿದೆ. ಸತೀಶ್ ಧವನ್ ಅವರನ್ನು ನೀವು ಇಸ್ರೋ ಅಧ್ಯಕ್ಷರು ಅಂತಲೇ ಬಲ್ಲಿರಿ. ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಶಿಷ್ಯ ರೊದ್ದಂ ನರಸಿಂಹ ಅವರ ಜೊತೆ 1958ರಲ್ಲಿ ಬರೆದ ಪ್ರಬಂಧ, ನುಣುಪು ಹರಿವು ಕದಡುವ ಆ ಗಡಿಯ ಬಗ್ಗೆಯೇ. ವಿಮಾನದ ರೆಕ್ಕೆಯ ಮೇಲೆ ಅಲ್ಲಲ್ಲಿ ಕದಡಿನ ಚುಕ್ಕೆಗಳು ಹುಟ್ಟಿ, ಹರಡಿ, ಕೂಡಿಕೊಳ್ಳುವುದನ್ನು ಒಂದು ಸೂತ್ರಕ್ಕೆ ಇಳಿಸಿದರು. ನರಸಿಂಹ ಅವರು ಕೊನೆಗಾಲದವರೆಗೂ ಈ ಹುಚ್ಚು ಬಿಡಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ನೀರಿನ ತೊಟ್ಟಿಯೊಳಗೆ ಧಾರೆ ಏರಿಸಿ, ಅದರ ಒಡಲಿಗೇ ವಿದ್ಯುತ್ತಿನಿಂದ ಶಾಖ ಕೊಟ್ಟು, ಮುಂಗಾರಿನ ಮೋಡದ ಆಕಾರ ಬರಿಸಿದರು. ಮೋಡ ಎಂದರೆ ಸುಳಿಗಳ ರಾಶಿ. ನಾಳೆ ಮಧ್ಯಾಹ್ನ ನಿಮ್ಮ ಹೋಬಳಿಯಲ್ಲಿ ಎಷ್ಟು ಮಳೆ ಬರುತ್ತದೆ ಅಂತ ಹೇಳಲು ತಿಣುಕುವುದಕ್ಕೆ ಇದೂ ಒಂದು ಕಾರಣ. ಹವಾಮಾನ ಇಲಾಖೆಯನ್ನು ಬೈಯುವ ಮುಂಚೆ ನಲ್ಲಿ ನೆನೆಸಿಕೊಳ್ಳಿ.

ಕೆಲವು ಪ್ರಶ್ನೆಗಳಿಗೆ ತೊಂದರೆ ಬೇರೆ, ಅಲ್ಲಿ ಸಾಕ್ಷಿಯೇ ಅಳಿಸಿಹೋಗಿದೆ. ಜೀವ ಹೇಗೆ ಶುರುವಾಯಿತು? ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ನಿಂತಿದ್ದೀರಿ. ಅದೂ ತಡವಾಯಿತು. ಆಸ್ಟ್ರೇಲಿಯಾದಲ್ಲಿ ಸುಮಾರು 350 ಕೋಟಿ ವರ್ಷದ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ದಿಬ್ಬಗಳ ಗುರುತಿದೆ. ಅಂದರೆ ನಮಗೆ ಬೇಕಾದ ಘಟನೆ ಅದಕ್ಕೂ ಹಿಂದಿನದು, ಆ ಕಾಲದ ನೆಲ ಬಹುಪಾಲು ಕರಗಿ ಮತ್ತೆ ಎರಕವಾಗಿದೆ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಬುರುಡೆಯಲ್ಲಿ ಅನಿಲ ತುಂಬಿ ಕಿಡಿ ಹಾರಿಸಿ ಅಮೈನೊ ಆಮ್ಲ ಪಡೆದರು. 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ ಭೂಮಿಗೆ ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೊ ಆಮ್ಲಗಳ ಪೈಕಿ 14 ಸಿಕ್ಕವು. ಹಾಗಾದರೆ ಸಾಮಾನು ಸಿಕ್ಕಿತು, ಪ್ರಶ್ನೆ ಸುಲಭವಾಯಿತು ಅನ್ನಿಸುತ್ತದೆ. ಆಗಲಿಲ್ಲ. ಈ ಅಣುಗಳಿಗೆ ಎಡಗೈ, ಬಲಗೈ ಅಂತ ಎರಡು ರೂಪ. ನಮ್ಮೊಳಗಿನ ಪ್ರೋಟೀನುಗಳಲ್ಲಿ ಇರುವುದು ಎಡಗೈಯವು. ಬೆನ್ನುವಿನ ಮಣ್ಣಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆಕಾಶದಿಂದಲೇ ಎಡಗೈ ಸಾಮಾನು ಬಂದಿಳಿಯಿತು ಅಂತ ನಂಬಿದ್ದವರಿಗೆ ಈಗ ಹೊಸ ತಲೆನೋವು.

ಮುಂದಿನ ಸಾಲಿನ ಮಕ್ಕಳಿಗೆ ಬೇಸರ ಬಂದ ಹಾಗಿದೆ. ಒಂದು ಲೆಕ್ಕ ಮಾಡೋಣ. 7 ತಗೊಳ್ಳಿ. ಬೆಸ ಆದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ, ಸಮ ಆದರೆ ಅರ್ಧ ಮಾಡಿ. 22, 11, 34, 17, 52, 26, 13, 40, 20, 10, 5, 16, 8, 4, 2, 1. ಒಂದಕ್ಕೆ ಬಂದಿತು. ಈಗ 27 ತಗೊಳ್ಳಿ... ಇಲ್ಲಿ ಬೇಡ, ಮನೆಯಲ್ಲಿ ಮಾಡಿ, 9,232ರ ತನಕ ಏರಿ 111 ಹೆಜ್ಜೆ ಆದ ಮೇಲೆ ಒಂದಕ್ಕೆ ಇಳಿಯುತ್ತದೆ. ಯಾವ ಸಂಖ್ಯೆ ತಗೊಂಡರೂ ಕೊನೆಗೆ ಒಂದೇ ಬರುತ್ತದೆಯೇ? 2ರ 71ನೇ ಘಾತದವರೆಗೆ ಕಂಪ್ಯೂಟರಿನಲ್ಲಿ ನೋಡಿದ್ದಾರೆ, ಬರುತ್ತದೆ. ಯಾವಾಗಲೂ ಬರುತ್ತದೆ ಅಂತ ಸಾಧಿಸಿದವರಿಲ್ಲ. ಕೊಲಾಟ್ಜ್ ಊಹೆ ಅಂತ ಹೆಸರು. ಗಣಿತದವರಿಗೆ ಕೋಟಿಕೋಟಿ ಉದಾಹರಣೆ ಸಾಲುವುದಿಲ್ಲ.

ಪ್ರಜ್ಞೆಯ ಬಗ್ಗೆ ಎರಡೇ ಮಾತು, ಯಾಕೆಂದರೆ ಅಲ್ಲಿ ಉತ್ತರ ಬಂದರೆ ಅದು ಉತ್ತರ ಅಂತ ಗುರುತಿಸುವುದು ಹೇಗೆ ಅನ್ನುವುದೇ ತಗಾದೆಯಲ್ಲಿದೆ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್, ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಪಂಥ ಕಟ್ಟಿದರು. ಇನ್ನು 25 ವರ್ಷದಲ್ಲಿ ಪ್ರಜ್ಞೆಗೆ ಕಾರಣವಾದ ನರಗಳ ಗುರುತು ಸಿಕ್ಕುತ್ತದೆ ಅಂತ ಕಾಕ್, ಇಲ್ಲ ಅಂತ ಚಾಲ್ಮರ್ಸ್. 2023ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಕಾಕ್ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ವಾಯಿದೆ ಹಾಕಿ, ಎದುರಾಳಿಯನ್ನು ಕೂರಿಸಿಕೊಂಡು ಸೋತದ್ದು ನನಗೆ ಬಹಳ ಹಿಡಿಸಿತು. ನಮ್ಮ ಟಿವಿ ಜ್ಯೋತಿಷಿಗಳು ಹೀಗೊಂದು ಪಂಥ ಕಟ್ಟಿದರೆ ನಾನೂ ನೋಡುತ್ತೇನೆ.

ಈಗಷ್ಟೇ ಹಿಂದಿನಿಂದ ಒಂದು ಚೀಟಿ ಬಂತು. "ಪ್ರೋಟಾನ್ ಯಾವತ್ತೂ ಸಾಯುವುದಿಲ್ಲ ಅಂತಾದರೆ ಆ ನೂರು ಕೋಟಿಗೊಂದರ ಲೆಕ್ಕ ಏನಾಗುತ್ತದೆ?" ಬರೆದವರಿಗೆ ನಮಸ್ಕಾರ. ಪ್ರೋಟಾನಿನ ದಾರಿ ಮುಚ್ಚಿದರೂ ನ್ಯೂಟ್ರಿನೊದ ದಾರಿ ಇದೆ. ನ್ಯೂಟ್ರಿನೊಗೂ ಅದರ ಪ್ರತಿಕಣಕ್ಕೂ ವ್ಯತ್ಯಾಸವೇ ಇಲ್ಲದೆ ಎರಡೂ ಒಂದೇ ಆಗಿದ್ದರೆ, ಆ ಹೆಚ್ಚುವರಿ ಅಲ್ಲಿ ಹುಟ್ಟಿ ಆಮೇಲೆ ಪ್ರೋಟಾನುಗಳ ಕಡೆಗೆ ವರ್ಗವಾಗಿರಬಹುದು. ಅದನ್ನು ಪರೀಕ್ಷಿಸಲು ಒಂದು ದಾರಿ ಇದೆ. ಕ್ಸೆನಾನ್ 136 ಎಂಬ ಪರಮಾಣು ಬೀಜ ಬಹಳ ಅಪರೂಪಕ್ಕೆ ಎರಡು ಎಲೆಕ್ಟ್ರಾನ್, ಎರಡು ಪ್ರತಿನ್ಯೂಟ್ರಿನೊ ಹೊರಹಾಕಿ ಬೇರಿಯಂ ಆಗುತ್ತದೆ. ಎಲ್ಲೋ ಒಂದು ಸಲ ಬರೀ ಎಲೆಕ್ಟ್ರಾನುಗಳು ಮಾತ್ರ ಬಂದು ನ್ಯೂಟ್ರಿನೊ ಬರದೇ ಹೋದರೆ, ಎರಡೂ ಒಂದೇ ಅಂತ ಅರ್ಥ. ಕಮಿಯೋಕಾದಲ್ಲಿ 1987ರ ನಕ್ಷತ್ರ ಮಿನುಗಿದ್ದ ಅದೇ ಹಳೆಯ ಗುಹೆಯಲ್ಲಿ 745 ಕಿಲೋ ಕ್ಸೆನಾನನ್ನು ಒಂದು ತೆಳು ಬಲೂನಿನೊಳಗಿನ ದ್ರವದಲ್ಲಿ ಕರಗಿಸಿಟ್ಟು ಕಾದರು. ಅಂಥದ್ದು ಒಂದಾದರೂ ನಡೆದಿದೆ ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಅರ್ಧಾಯು ಒಂದರ ಮುಂದೆ 26 ಸೊನ್ನೆಯಷ್ಟು ವರ್ಷಕ್ಕಿಂತ ಹೆಚ್ಚು ಅಂತ ಬರೆದರು. ಮುಂದಿನ ಸುತ್ತಿಗೆ ಇನ್ನೂ ಸ್ವಚ್ಛವಾದ ಬಲೂನು, ಇನ್ನೂ ಹೆಚ್ಚು ಕ್ಸೆನಾನ್ ಬೇಕಾಗಿದೆ. ಗಾಳಿಯಲ್ಲಿ ಅದು ಒಂದು ಕೋಟಿ ಭಾಗಕ್ಕೆ ಒಂದು ಭಾಗವೂ ಇಲ್ಲ.